ಆಕಾಶಕ್ಕೆ ಅಡ್ಡ ನಿಂತ ರಟ್ಟು

ನಾನು ಒಂದು ಕಪ್ಪು ರಟ್ಟು. ಬಡಗಿಯ ಮೂಲೆಮಟ್ಟದ ಹಾಗೆ ಒಂದು ಉದ್ದ ತೋಳು, ಒಂದು ಗಿಡ್ಡ ತೋಳು, ಇಷ್ಟೇ ನನ್ನ ಮೈ. ಜೊತೆಗೆ ಹುಟ್ಟಿದ ತಮ್ಮನೊಬ್ಬನಿದ್ದಾನೆ, ಥೇಟ್ ನನ್ನ ಹಾಗೇ. ನಮ್ಮಿಬ್ಬರನ್ನು ಎದುರುಬದುರಾಗಿ ಒಂದು ಫೋಟೋದ ಮೇಲಿಟ್ಟರೆ ನಡುವೆ ಚೌಕಟ್ಟು ಏರ್ಪಡುತ್ತದೆ. ಸರಿಸಿದಂತೆಲ್ಲ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಫೋಟೋದಲ್ಲಿ ಬೇಡದ ಕಂಬ, ಬೇಡದ ಕೊಂಬೆ, ಯಾರದೋ ಅರ್ಧ ಎಮ್ಮೆ ಎಲ್ಲವೂ ನಮ್ಮ ಕೆಳಗೆ ಮರೆಯಾಗುತ್ತವೆ. ಇಷ್ಟನ್ನೇ ಉಳಿಸಿಕೊಂಡರೆ ಚಿತ್ರ ಹೇಗೆ ಕಾಣುತ್ತದೆ ಎಂದು ತೋರಿಸುವುದು ನಮ್ಮ ಕೆಲಸ. ತಮ್ಮ ಮೊದಲಿನಿಂದಲೂ ಮಾತಿನವನಲ್ಲ. ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳಬೇಕು.

ನಾವು ಹುಟ್ಟಿದ್ದು ಗದಗಿನಲ್ಲಿ, ಗುರುಪಾದಪ್ಪನ ಬೈಂಡಿಂಗ್ ಅಂಗಡಿಯಲ್ಲಿ. ಮದುವೆ ಆಲ್ಬಮ್ಮುಗಳಿಗೆ ಹೊದಿಕೆ ಮಾಡಿ ಉಳಿದ ರಟ್ಟು ನಾವು. ಒಂದು ಗೇಣು ಅಗಲ ಹೆಚ್ಚಿದ್ದರೆ ಯಾರದೋ ಮದುವೆಯ ಮೇಲೆ ಜರಿ ಅಂಟಿಸಿಕೊಂಡು ಕೂತಿರುತ್ತಿದ್ದೆವು. ನಮ್ಮ ಹಣೆಬರಹ ಬೇರೆ ಇತ್ತು. ಅಂಗಡಿಗೆ ರಜೆ ಇರುವ ಭಾನುವಾರ ಅಲ್ಲಿ ಊರಿನ ಫೋಟೋ ಹುಚ್ಚಿನವರೆಲ್ಲ ಸೇರುತ್ತಿದ್ದರು. ಛಾಯಾ ಬಳಗ ಅಂತ ಹೆಸರು ಬೇರೆ ಇಟ್ಟುಕೊಂಡಿದ್ದರು. ಗುಡ್ಡ, ಕೆರೆ, ಹೊಲ, ಹಕ್ಕಿ ತೆಗೆದುಕೊಂಡು ಬಂದು ಓರೆ ಹಲಗೆಯ ಮೇಲೆ ಒಂದೊಂದಾಗಿ ಇಡುವುದು, ಹಿರಿಯರೊಬ್ಬರು ಅದರ ಗುಣದೋಷ ಹೇಳುವುದು, ಆಮೇಲೆ ಚಹಾ. ತೆಗೆದವರು ಒಪ್ಪಿದರೆ ಅಲ್ಲೇ ಗುರುಪಾದಪ್ಪನ ಕಟಿಂಗ್ ಮಶೀನಿಗೆ ಕೊಟ್ಟು ಬೇಡದ್ದನ್ನು ಕತ್ತರಿಸಿಬಿಡುವುದು. ಇಂಥ ಪದ್ಧತಿ ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಅವರಿಗಾಗಿಯೇ ಗುರುಪಾದಪ್ಪ ನಮ್ಮನ್ನು ಕೊಯ್ದು ಕೊಟ್ಟ.

ಮೊದಲು ನಾವು ಬಿದ್ದದ್ದು ವಕೀಲ ದೇಸಾಯರ ಕೈಗೆ. ಅಬ್ಬಬ್ಬಾ, ಆ ಮನುಷ್ಯನ ಬಾಯಿಯೇ! ಹಲಗೆಯ ಮೇಲೆ ಫೋಟೋ ಬಂತೆಂದರೆ ಕಟಕಟೆಗೆ ಕಳ್ಳ ಬಂದ ಹಾಗೇ. "ಇದೇನ್ರೀ ಇದು? ಕೆರಿ ತಗದೀರೋ, ಕೆರಿ ದಂಡಿಮ್ಯಾಲ ನಿಂತು ನಿಮ್ಮ ಬೆರಳು ತಗದೀರೋ?" ಎನ್ನುತ್ತಿದ್ದರು. ನಮ್ಮನ್ನು ಎತ್ತಿ ಫಟ್ ಅಂತ ಫೋಟೋದ ಮೇಲೆ ಬಡಿಯುತ್ತಿದ್ದರು. ನನ್ನ ಒಂದು ಮೂಲೆ ಜಜ್ಜಿದ್ದು ಅವರ ಕಾಲದಲ್ಲೇ. ಬೈಸಿಕೊಂಡವರು ಚಹಾ ಕುಡಿಯುತ್ತ ಅವರಿಗೆ ಮನಸಾರೆ ಹಿಡಿಶಾಪ ಹಾಕಿ, ಮುಂದಿನ ಸಲವೂ ತಮಗೆ ಬೇಕಾದಂತೆಯೇ ತೆಗೆದುಕೊಂಡು ಬರುತ್ತಿದ್ದರು. ವಕೀಲರ ಮಾತನ್ನು ಮನೆಗೆ ಹೊತ್ತುಕೊಂಡು ಹೋದವರು ಯಾರೂ ಇರಲಿಲ್ಲ.

ಇಂದುಮತಿ ಬಳಗಕ್ಕೆ ಬಂದದ್ದು ಆ ದಿನಗಳಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕರೆ ಜೋಡಿಸುವ ಹುಡುಗಿ. ರಜೆ ಸಿಕ್ಕರೆ ಡೋಣಿ ಊರಿನ ಬಸ್ಸು ಹತ್ತಿ ಕಪ್ಪತಗುಡ್ಡಕ್ಕೆ ಹೋಗಿಬಿಡುತ್ತಿದ್ದಳು. ಆಕೆ ತಂದ ಮೊದಲ ಫೋಟೋ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತಳದಲ್ಲಿ ಒಂದು ಎಳೆಯಷ್ಟು ಗುಡ್ಡ. ಅದರ ಮೇಲೆ ಆಕಾಶ, ಆಕಾಶ, ಬರೀ ಆಕಾಶ. ಒಂದು ಮೋಡದ ತುಣುಕೂ ಇಲ್ಲ.

"ಗುಡ್ಡ ಎಲ್ಲಿ ಅದರೀ? ಕೆಳಗ ಒಂದು ಗೆರಿ ಎಳದೀರಿ, ಉಳದದ್ದೆಲ್ಲಾ ಖಾಲಿ," ಎಂದರು ವಕೀಲರು.

ಇಂದುಮತಿ ಎದ್ದು ನಿಂತಳು. "ಖಾಲೀನ ತಗದೀನ್ರಿ. ದಿನಾ ಮುಂಜಾನಿಂದ ಸಂಜೀತನಕ ಊರ ಮಂದಿ ಮಾತು ಕಿವ್ಯಾಗ ತುಂಬಿಕೊಂಡು ಕುಂತಿರತೀನಿ. ಗುಡ್ಡದ ಮ್ಯಾಲ ಯಾರೂ ಮಾತಾಡಂಗಿಲ್ಲ. ಅದು ಎಷ್ಟು ದೊಡ್ಡದೈತಿ ಅಂತ ತೋರಸಾಕ ಬ್ಯಾರೆ ದಾರಿ ನಂಗ ತಿಳೀಲಿಲ್ಲ."

"ಕೋರ್ಟಿನ್ಯಾಗ ಹೀಂಗ ಹೇಳಿದ್ರ ಜಡ್ಜ್ ನಗತಾನ."

"ನಗಲಿ ಬಿಡ್ರಿ!" ಎಂದವಳೇ ನಮ್ಮನ್ನು ಪಕ್ಕಕ್ಕೆ ತಳ್ಳಿ, ಫೋಟೋ ಬಗಲಿಗೆ ಇಟ್ಟುಕೊಂಡು ಹೊರಟೇ ಹೋದಳು. ಮುಂದಿನ ಸಲ ತಂದದ್ದರಲ್ಲಿ ಆಕಾಶ ಇನ್ನೂ ಹೆಚ್ಚಿತ್ತು. ಭಲೇ ಹುಡುಗಿ ಅಂದುಕೊಂಡೆ. ತಮ್ಮನಿಗೂ ಖುಷಿಯಾಗಿತ್ತು.

ವಕೀಲರು ಹುಬ್ಬಳ್ಳಿಯಲ್ಲಿ ಕಚೇರಿ ತೆರೆದು ಊರು ಬಿಟ್ಟ ಮೇಲೆ ನಾವು ಹಂಪಣ್ಣವರ ಮಾಸ್ತರರ ಕೈಗೆ ಬಂದೆವು. ಹೈಸ್ಕೂಲಿಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಡ್ರಾಯಿಂಗ್ ಮಾಸ್ತರರು. ಅವರು ನಮ್ಮನ್ನು ಹೂವಿನ ಎಸಳಿನಂತೆ ಹಿಡಿಯುತ್ತಿದ್ದರು. ಹೊಸ ಪದ್ಧತಿಯನ್ನೂ ತಂದರು. ಮೊದಲು ಫೋಟೋದಲ್ಲಿ ಒಳ್ಳೆಯದೇನಿದೆ ಹೇಳಬೇಕು. ಆಮೇಲೆ ಏನು ತಿದ್ದಬಹುದು, ಹೇಗೆ ತಿದ್ದಬಹುದು ತೋರಿಸಬೇಕು. ಯಾರ ಮನಸ್ಸನ್ನೂ ನೋಯಿಸಬಾರದು. ತೆಗೆದವರು ಮಾತ್ರ ಎಲ್ಲ ಮುಗಿಯುವ ತನಕ ಬಾಯಿ ಬಿಡಬಾರದು, ಸುಮ್ಮನೆ ಕೇಳಬೇಕು. ವಕೀಲರ ಕಾಲದ ಜಗಳ ಕಂಡು ಸಾಕಾಗಿದ್ದವರೆಲ್ಲ ಕೈ ಎತ್ತಿ ಒಪ್ಪಿದರು. ನಾನೂ ಒಪ್ಪಿದ್ದೆ, ಸುಳ್ಳೇಕೆ ಹೇಳಲಿ.

ಇಂದುಮತಿಯ ಆಕಾಶ ಮತ್ತೆ ಹಲಗೆ ಏರಿತು. ಮಾಸ್ತರರು ಬಹಳ ಹೊತ್ತು ನೋಡಿದರು. "ತಂಗಿ, ಇಂಥಾ ಬೆಳಕು ಹಿಡಿಯೋದು ಎಲ್ಲಾರ ಕೈಲೆ ಆಗಂಗಿಲ್ಲ. ಎಷ್ಟು ಹೊತ್ತು ಕಾದೀಯೋ, ಅದೆಲ್ಲಾ ಇದರಾಗ ಕಾಣತೈತಿ," ಎಂದರು. ಹುಡುಗಿಯ ಮುಖ ಅರಳಿತು. ವಕೀಲರ ಬಾಯಲ್ಲಿ ಅಂಥ ಮಾತು ಆಕೆ ಎಂದು ಕೇಳಿದ್ದಳು? ಆಮೇಲೆ ಮಾಸ್ತರರು ನನ್ನನ್ನು ಮೇಲಿನಿಂದ ಮೆಲ್ಲಗೆ ಇಳಿಸಿದರು. ಆಕಾಶ ಅರ್ಧವಾಯಿತು, ಕಾಲಾಯಿತು. "ಈಗ ನೋಡ್ವಾ, ಗುಡ್ಡ ಹೆಂಗ ಎದ್ದು ಕುಂತತಿ!"

ನಿಜ. ಗುಡ್ಡ ಎದ್ದು ಕೂತಿತ್ತು. ಎಲ್ಲರೂ ಹೌದಲ್ರೀ ಹೌದಲ್ರೀ ಎಂದು ತಲೆದೂಗಿದರು. ಇಂದುಮತಿ ಏನೋ ಹೇಳಲು ಬಾಯಿ ತೆರೆದವಳು ಪದ್ಧತಿ ನೆನಪಾಗಿ ಸುಮ್ಮನಾದಳು. ಕೊನೆಗೆ ಮಾತಾಡುವ ಸರದಿ ಬಂದಾಗ ಆ ಮಾತು ಎಲ್ಲೋ ಹೋಗಿತ್ತು. ಅಷ್ಟು ಪ್ರೀತಿಯಿಂದ ಹೇಳಿದವರ ಹತ್ತಿರ ಹೇಗೆ ಜಗಳ ತೆಗೆಯುವುದು? "ಹೌದ್ರಿ ಮಾಸ್ತರ, ಇದ ಛಲೋ ಕಾಣತೈತಿ," ಎಂದಳು. ತಾನೇ ಫೋಟೋ ಒಯ್ದು ಗುರುಪಾದಪ್ಪನ ಕೈಗೆ ಕೊಟ್ಟಳು. ಕಚಕ್ ಎಂದಿತು ಮಶೀನು. ಆಕಾಶ ರದ್ದಿಬುಟ್ಟಿಗೆ ಬಿತ್ತು.

ಉಳಿದ ಗುಡ್ಡಕ್ಕೆ ಬೆಳಗಾವಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಬಳಗಕ್ಕೆಲ್ಲ ಪೇಢೆ ಹಂಚಿದಳು. ಮಾಸ್ತರರಂತೂ ತಮ್ಮ ಮಗಳಿಗೇ ಬಂದಷ್ಟು ಹಿಗ್ಗಿದರು. ಅಲ್ಲಿಂದ ಮುಂದೆ ಆಕೆ ಏನು ತಂದರೂ ಮಾಸ್ತರರು ಒಂದು ತಿದ್ದುಪಡಿ ಹೇಳುವರು, ಮುಂದಿನ ಸಲ ಆ ತಪ್ಪು ಇರುತ್ತಲೇ ಇರಲಿಲ್ಲ. ಇಷ್ಟು ಬೇಗ ಕಲಿಯುವವರನ್ನು ನಾ ಕಂಡಿಲ್ಲ ಬಿಡಿ. ವರ್ಷ ಕಳೆದಂತೆ ಬಹುಮಾನಗಳು ಬಂದವು, ಹೆಸರು ಬಂತು. ಮಾಸ್ತರರಿಗೆ ಕೈ ನಡುಗಲು ಶುರುವಾದಾಗ ನಮ್ಮನ್ನು ಆಕೆಗೇ ಕೊಟ್ಟರು. "ಇನ್ನ ಮ್ಯಾಲ ಮಂದೀಗೆ ನೀನ ಹೇಳಿಕೊಡವಾ."

ಆಕೆ ನಮ್ಮನ್ನು ಕ್ಯಾಮೆರಾ ಚೀಲದಲ್ಲಿ ಹಾಕಿಕೊಂಡು ಗುಡ್ಡಕ್ಕೂ ಒಯ್ದಳು. ಫೋಟೋದಲ್ಲಷ್ಟೇ ನೋಡಿದ್ದ ಕಪ್ಪತಗುಡ್ಡವನ್ನು ಕಡೆಗೂ ಕಂಡೆನಲ್ಲ ಎಂದು ನನಗೆ ಸಂಭ್ರಮ. ಆಕೆ ಕ್ಯಾಮೆರಾ ಹೊರತೆಗೆಯುವ ಮೊದಲು ನಮ್ಮಿಬ್ಬರನ್ನು ಕಣ್ಣಿನ ಮುಂದೆ ಹಿಡಿದು ಚೌಕಟ್ಟು ಕಟ್ಟುತ್ತಿದ್ದಳು. ನಮ್ಮ ನಡುವೆ ಹಿಡಿದಷ್ಟೇ ಗುಡ್ಡ. ಸುತ್ತ ಇದ್ದದ್ದನ್ನು ಆಕೆ ಕತ್ತೆತ್ತಿ ನೋಡಿದ್ದು ನನಗೆ ನೆನಪಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಂದುಮತಿ ನೌಕರಿಯಿಂದ ನಿವೃತ್ತಳಾದಾಗ ಬಳಗದವರು ಆಕೆಯ ಫೋಟೋಗಳದೇ ಒಂದು ಪ್ರದರ್ಶನ ಇಟ್ಟರು. ಮಾಸ್ತರರು ಕೋಲೂರಿಕೊಂಡು ಬಂದರು. ಕಣ್ಣಿನ ಪೊರೆ ತೆಗೆಸಿದ್ದು ಹೊಸದು, ಗೋಡೆಯುದ್ದಕ್ಕೂ ಒಂದೊಂದನ್ನೇ ನೋಡುತ್ತ ನಡೆದರು. ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಅವರ ಮುಖದ ನಗು ಹೋಗಿತ್ತು.

"ಗುರುಪಾದಪ್ಪ, ಇವೆಲ್ಲಾ ನಾನ ತಗದಂಗ ಅದಾವಲ್ಲೋ," ಎಂದರು ಪಕ್ಕದಲ್ಲಿದ್ದವನಿಗೆ.

ಮುದುಕ ಗುರುಪಾದಪ್ಪ ಸಹಜವಾಗಿ ಅಂದುಬಿಟ್ಟ: "ಮೊದಲ ಹಿಂಗಿರಲಿಲ್ಲ ಬಿಡ್ರಿ ಆಕೀದು. ಬರೇ ಆಕಾಶ ತಗೀತಿದ್ಲು. ಖಾಲೀನ ತಗದೀನಿ, ಅಲ್ಲಿ ಯಾರೂ ಮಾತಾಡಂಗಿಲ್ಲ, ಅದನ್ನ ತೋರಸಬೇಕು ಅಂತ ವಕೀಲರ ಜೋಡಿ ಜಗಳಾ ಮಾಡಿದ್ಲು. ನೀವು ಬರೋಕಿಂತ ಮೊದಲಿನ ಮಾತು."

ಮಾಸ್ತರರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಇಂದುಮತಿಯನ್ನು ಕರೆದರು. "ನಂಗ ಯಾಕ ಹೇಳಲಿಲ್ಲವಾ?"

"ನೀವು ಅಷ್ಟು ಛಂದ ಹೇಳತಿದ್ರಿ ಮಾಸ್ತರ. ನಾ ಹೇಳೋದು ಏನೈತಿ ಅನಸ್ತು."

"ಆ ನೆಗೆಟಿವ್ ಅದಾವೇನು?"

"ಬೂಸು ಹಿಡದು ಎಂದೋ ಹೋದವು."

"ಹ್ವಾದ್ರ ಹೋಗಲಿ. ಇನ್ನೊಂದು ತಗೊಂಡು ಬಾ. ನಿಂಗ ಹೆಂಗ ಬೇಕೋ ಹಂಗ. ಇವನ್ನ ನನ್ನ ಹಂತೇಕ ಬಿಟ್ಟು ಹೋಗು." ಆಕೆಯ ಚೀಲಕ್ಕೆ ತಾವೇ ಕೈ ಹಾಕಿ ನಮ್ಮನ್ನು ಕಿತ್ತುಕೊಂಡರು.

ನಾವು ಮಾಸ್ತರರ ಮನೆಯ ಮೇಜಿನ ಮೇಲೆ ಕಾದೆವು. ಬಾಗಿಲ ಸಪ್ಪಳವಾದಾಗಲೆಲ್ಲ ಅವರು ಕತ್ತೆತ್ತುತ್ತಿದ್ದರು. ದೇವರೇ, ಆ ಹುಡುಗಿ ನಮ್ಮನ್ನು ಮರೆತು ತೆಗೆಯಲಿ ಎಂದು ನಾನು ಬೇಡಿಕೊಂಡೆ. ನನ್ನ ಪಾಲಿಗೆ ಆಕೆ ಇನ್ನೂ ಹುಡುಗಿಯೇ.

ಆಕೆ ಬಂದಳು. ಫೋಟೋಗಳನ್ನು ಮಾಸ್ತರರ ಮುಂದೆ ಹರಡಿದಳು. ಗುಡ್ಡ ಎಲ್ಲಿರಬೇಕೋ ಅಲ್ಲಿತ್ತು. ಗುಡ್ಡದ ಮೇಲೆ ಈಗ ಎದ್ದಿರುವ, ಗಾಳಿಯಿಂದ ವಿದ್ಯುತ್ ತೆಗೆಯುವ ಪಂಖಗಳೂ ಎಲ್ಲಿರಬೇಕೋ ಅಲ್ಲೇ ನಿಂತಿದ್ದವು. ಆಕಾಶ ಅಳತೆಗೆ ಸರಿಯಾಗಿತ್ತು. ಮಾಸ್ತರರು ನಮ್ಮನ್ನು ಎತ್ತಿಕೊಂಡರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಮೇಲಕ್ಕೆತ್ತಿದರು. ಮುಚ್ಚಬೇಕಾದದ್ದು ಒಂದು ಕಡ್ಡಿಯೂ ಇರಲಿಲ್ಲ.

"ಬರೇ ಆಕಾಶ ತುಂಬಸಬೇಕಂತ ಕ್ಯಾಮೆರಾ ಮ್ಯಾಲಕ್ಕೆತ್ತಿದ್ನಿ ಮಾಸ್ತರ," ಎಂದಳು ಇಂದುಮತಿ. "ಪ್ರತಿ ಸಲ ಕೈ ತಾನ ಕೆಳಗ ಇಳಿದು ಬಂತು. ಆಕಾಶ ಏನೋ ಇತ್ತು. ನಂಗ ಕಾಣಲಿಲ್ಲ."

"ಒಂದಾದ್ರೂ ತಪ್ಪು ಮಾಡಿಕೊಂಡು ಬರಬಾರದಿತ್ತೇನವಾ," ಎಂದು ಮಾಸ್ತರರು ಅತ್ತುಬಿಟ್ಟರು. ಆಕೆಯೂ ಅತ್ತಳು. ಮಾಸ್ತರರು ನಮ್ಮನ್ನು ಹರಿದು ಹಾಕಲು ನೋಡಿದರು, ಬೆರಳಿನಲ್ಲಿ ಬಲವಿರಲಿಲ್ಲ.

ಈಗ ನಾವಿಬ್ಬರೂ ಅವರ ಮನೆಯ ಕಪಾಟಿನ ಮೇಲೆ, ಔಷಧದ ಬಾಟಲಿಗಳ ಹಿಂದೆ ಇದ್ದೇವೆ. ತಮ್ಮನ ಒಂದು ತೋಳಿಗೆ ಗೆದ್ದಲು ಹತ್ತಿದೆ. ನನಗೆ ಮಾಸ್ತರರ ಮೇಲೆ ಸಿಟ್ಟಿಲ್ಲ. ಅಂಥ ಒಳ್ಳೆಯ ಮನುಷ್ಯ ಸಿಗುವುದು ಕಷ್ಟ, ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಅವತ್ತು ನನ್ನನ್ನು ಫೋಟೋದ ಮೇಲೆ ಇಳಿಸುವ ಮೊದಲು, ಏನು ತೆಗೆಯಬೇಕಂತ ಹೋಗಿದ್ದೆ ತಂಗಿ ಎಂದು ಒಂದೇ ಒಂದು ಮಾತು ಆಕೆಯನ್ನು ಕೇಳಬಹುದಿತ್ತು. ಆಕೆ ಹೇಳುತ್ತಿದ್ದಳು. ಹೇಳಲಿಕ್ಕೆಂದೇ ಬಾಯಿ ತೆರೆದಿದ್ದಳು.