ಚಕ್ರಕ್ಕೆ ಅಂಟು

ರೈಲತ್ತೆ ಎಂದು ಆಕೆಯನ್ನು ಮೊದಲು ಕರೆದವನು ಅಣ್ಣನ ಮಗ. ಅವನಿಗೆ ಆಕೆ ನಿಜವಾಗಿಯೂ ಸೋದರತ್ತೆ. ಆದರೆ ಆಟಿಕೆ ರೈಲಿನ ಹುಚ್ಚು ಹತ್ತಿಸಿಕೊಂಡ ಉಳಿದವರೂ, ಆಕೆಗಿಂತ ಹಿರಿಯರೂ ಸೇರಿ, ಹಾಗೇ ಕರೆಯತೊಡಗಿದರು.

ಆಕೆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಗುಜರಿ ಅಂಗಡಿಗಳನ್ನು ಜಾಲಾಡಿ ತಗಡಿನ ಎಂಜಿನ್ನು, ಮುರುಕು ಬೋಗಿ, ಸೊಟ್ಟ ಹಳಿ ಹೊತ್ತು ತರುತ್ತಿದ್ದಳು. "ಗಂಡನ್ನ ಹುಡುಕೋ ವಯಸ್ಸಲ್ಲಿ ಗಾಡಿ ಹುಡುಕ್ತಾಳಲ್ಲ" ಎಂದು ಅಣ್ಣ ಹಂಗಿಸಿದರೆ, "ಗಾಡಿ ಕೆಟ್ರೆ ರಿಪೇರಿ ಮಾಡಬಹುದಣ್ಣ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮಹಡಿಯ ಕೋಣೆಯ ತುಂಬ ಹಲಗೆ ಹಾಸಿ, ಅದರ ಮೇಲೆ ಹಳಿ, ನಿಲ್ದಾಣ, ಸೇತುವೆ, ಗುಡ್ಡ ಎಲ್ಲ ಮಾಡಿದ್ದಳು. ಈ ಹುಚ್ಚಿನವರು ಅದಕ್ಕೆ ಲೇಔಟ್ ಎನ್ನುತ್ತಾರೆ. "ನಮ್ಮತ್ತೆ ಹೊಸ ಲೇಔಟ್ ಮಾಡಿದಾರೆ" ಎಂದು ಅಣ್ಣನ ಮಗ ಹೇಳಿದಾಗ ಅವನ ಆಫೀಸಿನವರೊಬ್ಬರು ಸೈಟು ಏನು ಬೆಲೆ ಎಂದು ಕೇಳಿದ್ದುಂಟು. ಗುಡ್ಡಗಳನ್ನು ಆಕೆ ಮಾಡುತ್ತಿದ್ದದ್ದು ಹಳೆಯ ಪೇಪರಿನ ಉಂಡೆಗಳ ಮೇಲೆ, ಕಾಲು ಮುರಿದವರಿಗೆ ಸುತ್ತುವ ಪ್ಲಾಸ್ಟರ್ ಬಟ್ಟೆ ಹೊದಿಸಿ. ನೋಡಿ ಹೋದವರೆಲ್ಲ ತಮ್ಮ ಗುಡ್ಡಗಳಿಗೂ ಅದೇ ಬಟ್ಟೆ ಹೊದಿಸತೊಡಗಿದರು. ಔಷಧಿ ಅಂಗಡಿಯವನು ಕಂಗಾಲಾಗಿ, "ಏನ್ರೀ, ಊರಿಗೂರೇ ಕಾಲು ಮುರ್ಕೊಂಡಿದೆಯಾ?" ಎಂದು ಕೇಳಿದನಂತೆ.

ಅದಕ್ಕಿಂತ ದೊಡ್ಡದು ಒತ್ತುವ ಗುಂಡಿಗಳ ವಿಷಯ. ಅಲ್ಲಿಯವರೆಗೆ ಆ ಊರಿನಲ್ಲಿ ಯಾರ ರೈಲನ್ನು ನೋಡಹೋದರೂ ಯಜಮಾನ ಓಡಿಸಬೇಕು, ಬಂದವರು ಕೈಕಟ್ಟಿ ನಿಲ್ಲಬೇಕು. ರೈಲತ್ತೆ ಹಲಗೆಯ ಅಂಚಿನುದ್ದಕ್ಕೂ ಗುಂಡಿ ಕೂರಿಸಿದಳು. ಒಂದು ಒತ್ತಿದರೆ ಗೇಟು ಬೀಳುತ್ತಿತ್ತು, ಇನ್ನೊಂದಕ್ಕೆ ಹಸಿರು ಎಂಜಿನ್ನು ಹೊರಡುತ್ತಿತ್ತು. ಯಾರು ಬೇಕಾದರೂ ಒತ್ತಬಹುದು. ಎರಡು ಗಾಡಿ ಡಿಕ್ಕಿಯಾದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಆಕೆಯೇ. ಕ್ರಮೇಣ ಎಲ್ಲರ ಹಲಗೆಗಳಿಗೂ ಗುಂಡಿಗಳು ಬಂದವು. ಅವರೆಲ್ಲ ಸೇರಿ ಸಂಘ ಕಟ್ಟಿದರು, ಅಣ್ಣನ ಮಗ ಅಧ್ಯಕ್ಷನಾದ.

ರೈಲತ್ತೆಗೆ ಮಂಡಿ ಕೈಕೊಟ್ಟು ಮಹಡಿ ಹತ್ತಲಾಗದೆ ಹೋದಾಗ ಅವನೇ ಬಂದು ಕೇಳಿದ. "ಲೇಔಟನ್ನ ಸಂಘಕ್ಕೆ ಕೊಟ್ಬಿಡಿ ಅತ್ತೆ. ನಿಮ್ಮ ಹೆಸರು ಉಳಿಯುತ್ತೆ."

"ಹೆಸರು ಕಟ್ಕೊಂಡು ನನಗೇನಾಗ್ಬೇಕು? ಗಾಡಿ ಓಡ್ತಿರ್ಬೇಕು, ಅಷ್ಟೆ."

"ಓಡದೆ ಏನತ್ತೆ!" ಎಂದು ಮಾತು ಕೊಟ್ಟ. ಆಕೆ ನಂಬಿದಳು.

ಸಂಘದ ಸಭಾಂಗಣದಲ್ಲಿ ಲೇಔಟಿನ ಉದ್ಘಾಟನೆಯ ದಿನ ಆಕೆಯನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆ ಸರಿಯಿತು. ಹಲಗೆಯ ಸುತ್ತ ಆಳೆತ್ತರದ ಗಾಜು, ಗಾಜಿನ ಮುಂದೆ ಹಗ್ಗ, ಹಗ್ಗಕ್ಕೆ 'ಮುಟ್ಟಬೇಡಿ' ಎಂಬ ಫಲಕ. ಪಕ್ಕದ ಗೋಡೆಯ ಟಿವಿಯಲ್ಲಿ ಹಸಿರು ಎಂಜಿನ್ನು ಓಡುತ್ತಿತ್ತು. ಗಾಜಿನೊಳಗೆ ಅದೇ ಎಂಜಿನ್ನು ನಿಂತಿತ್ತು. ಜನ ಟಿವಿ ನೋಡಿ ಚಪ್ಪಾಳೆ ತಟ್ಟಿದರು.

ಆಕೆ ಊರುಗೋಲು ಊರಿಕೊಂಡು ಹಗ್ಗ ದಾಟಿದಳು. ಗುಂಡಿಗಳಿದ್ದ ಕಡೆ ಮರದ ಪುಡಿ ತುಂಬಿ ಬಣ್ಣ ಬಳಿದಿದ್ದರು.

"ಗಾಜು ತೆಗಿ" ಎಂದು ಅಣ್ಣನ ಮಗನಿಗೆ ಹೇಳಿದಳು.

"ಅತ್ತೆ, ಭಾಷಣ ಮುಗೀಲಿ..."

"ತೆಗಿ ಅಂದೆ."

ಅವನು ಬೀಗ ತೆಗೆದ. ಆಕೆ ಒಳಗೆ ಕೈ ಹಾಕಿ ಎಂಜಿನ್ನನ್ನು ಬೆರಳಿನಿಂದ ಮೆಲ್ಲಗೆ ನೂಕಿದಳು. ಅಲುಗಲಿಲ್ಲ. ಬಗ್ಗಿ ನೋಡಿದಳು. ಚಕ್ರ ಮತ್ತು ಹಳಿಯ ನಡುವೆ ಅಂಟು ಹೆಪ್ಪುಗಟ್ಟಿತ್ತು. ಹಿಂದಿನ ಬೋಗಿಗಳಿಗೂ ಅದೇ ಗತಿ.

"ಅಂಟು ಹಾಕ್ಸಿದ್ಯಾ?"

"ಯಾರಾದ್ರೂ ಎತ್ಕೊಂಡು ಹೋದ್ರೆ? ಓಡಿಸಿದ್ರೆ ಸವೆಯುತ್ತೆ ಅತ್ತೆ, ಬೆಲೆ ಬಿದ್ದುಹೋಗುತ್ತೆ. ಇಂಥದ್ದು ಈಗ ಎಲ್ಲೂ ಸಿಗಲ್ಲ. ನಿಮ್ಮ ಮೇಲಿನ ಗೌರವಕ್ಕೇ ಮಾಡಿದ್ದು."

"ಗೌರವವಂತೆ!" ಆಕೆಯ ದನಿ ಸಭಾಂಗಣದ ಕೊನೆಯವರೆಗೂ ಕೇಳಿತು. ಮೈಕು ಬೇಕಾಗಲಿಲ್ಲ. "ಆಯುಷ್ಯವೆಲ್ಲ ಮೂಳೆ ವಾರ್ಡಲ್ಲಿ ಕಳೆದವಳು ನಾನು. ಅಲ್ಲಿ ಪ್ಲಾಸ್ಟರ್ ಕಟ್ತಿದ್ದದ್ದು ಬಿದ್ದವರು ಎದ್ದು ಓಡಾಡ್ಲಿ ಅಂತ. ನೀವು ಓಡಾಡ್ಕೊಂಡಿದ್ದದ್ದನ್ನ ಹಿಡಿದು ಕಟ್ಟಿ ಹಾಕಿದೀರಿ. ನನ್ನ ಮನೇಲಿ ಗುಂಡಿ ಒತ್ತಿ ಕಲಿತವರಲ್ವಾ ನೀವೆಲ್ಲ? ಅಂಟು ಹಾಕುವಾಗ ಒಬ್ಬರಿಗೂ ನಾಲಿಗೆ ಇರ್ಲಿಲ್ವಾ?"

ಕೆಲವರು ನೆಲ ನೋಡಿದರು. ಖಜಾಂಚಿ ಮಾತ್ರ, "ವಯಸ್ಸಾಯ್ತಲ್ಲ, ಸ್ವಲ್ಪ ಬೇಗ ಸಿಟ್ಟು ಬರುತ್ತೆ" ಎಂದು ಪಕ್ಕದವರಿಗೆ ಪಿಸುಗುಟ್ಟಿದ.

"ವಯಸ್ಸಿಗಲ್ಲಪ್ಪ, ಅಂಟಿಗೆ ಬಂದಿರೋ ಸಿಟ್ಟು ಇದು" ಎಂದಳು ರೈಲತ್ತೆ.

ಬೇಕರಿಯಾಕೆ ಎದ್ದು ಬಂದಳು. ರೈಲತ್ತೆಯನ್ನು ಬಿಟ್ಟರೆ ಸಂಘದಲ್ಲಿದ್ದ ಒಬ್ಬಳೇ ಹೆಂಗಸು ಆಕೆ. ಕೈಚೀಲದಿಂದ ಉಗುರುಬಣ್ಣ ಅಳಿಸುವ ದ್ರವದ ಶೀಶೆ ತೆಗೆದು, "ಇದಕ್ಕೆ ಬಿಡಬಹುದೇನೋ ನೋಡಿ" ಎಂದು ಕೊಟ್ಟಳು. ರೈಲತ್ತೆ ಕುರ್ಚಿ ಎಳೆಸಿಕೊಂಡು ಕುಳಿತು, ಹತ್ತಿ ಅದ್ದಿ ಅದ್ದಿ ಚಕ್ರದ ಬುಡ ಉಜ್ಜತೊಡಗಿದಳು. ಅಂಟಿನ ಜೊತೆ ಹಸಿರು ಬಣ್ಣವೂ ಕಿತ್ತು ಬರತೊಡಗಿತು.

"ಅಯ್ಯೋ ಅತ್ತೆ, ಬಣ್ಣ ಹೋಯ್ತು! ಹಾಳಾಗಿ ಹೋಗುತ್ತೆ!"

"ಹಾಳು ಮಾಡಿದ್ದು ನೀನು. ನಾನು ಬಿಡಿಸ್ತಾ ಇದೀನಿ."

ಅತಿಥಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದ ಕೆಲವರು ಬೇಕರಿಯಾಕೆಯ ಜೊತೆ ಸೇರಿ ಬೋಗಿಗಳನ್ನು ಬಿಡಿಸಿದರು, ಹಳಿ ಕಿತ್ತರು, ಎಲ್ಲವನ್ನೂ ಬ್ರೆಡ್ಡಿನ ಟ್ರೇಗಳಲ್ಲಿ ಜೋಡಿಸಿ ಬೇಕರಿಯ ವ್ಯಾನಿಗೆ ಹತ್ತಿಸಿದರು. ಅಣ್ಣನ ಮಗ, "ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದು ಸರಿಯಾ?" ಎಂದು ಬಾಗಿಲಲ್ಲಿ ಅಡ್ಡ ನಿಂತ.

"ಮಾತು ಕೊಟ್ಟು ತಪ್ಪೋದು ಸರಿಯಾ?"

ಅವನು ದಾರಿ ಬಿಟ್ಟ. ಗುಡ್ಡಗಳನ್ನು ತರಲಾಗಲಿಲ್ಲ, ಬಿಡಿಬಿಡಿಯಾಗಿ ತಂದು ಒಳಗೇ ಕೂಡಿಸಿದ್ದ ಹಲಗೆ ಬಾಗಿಲಿಗಿಂತ ಅಗಲವಿತ್ತು. ಖಾಲಿ ಗುಡ್ಡಗಳನ್ನು ಒಳಗಿಟ್ಟುಕೊಂಡು ಗಾಜಿನ ಪೆಟ್ಟಿಗೆ ಸಂಘದಲ್ಲೇ ಉಳಿಯಿತು.

ರೈಲತ್ತೆಯ ಮನೆಯಲ್ಲಿ ಕೆಳಗಿನ ನಡುಮನೆಯಿಂದ ಊಟದ ಮೇಜು, ಸೋಫಾ ಎಲ್ಲ ಹೊರಹೋದವು. ಕುರ್ಚಿಯಲ್ಲಿ ಕುಳಿತರೆ ಕೈಗೆಟುಕುವಷ್ಟು ತಗ್ಗಿನಲ್ಲಿ ಹೊಸ ಹಲಗೆ ಬಂತು. ಭಾನುವಾರಗಳಂದು ಸಂಘದ ಅರ್ಧ ಜನ ಅಲ್ಲಿರುತ್ತಿದ್ದರು, ಇನ್ನರ್ಧ ಜನ ಆಕೆಯ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದರು. ಬೋಗಿಗಳೆಲ್ಲ ಓಡಿದವು. ಹಸಿರು ಎಂಜಿನ್ನು ಮಾತ್ರ ಓಡಲಿಲ್ಲ. ಅಂಟು ಚಕ್ರದ ಅಚ್ಚಿನೊಳಗೆ ಇಳಿದು ಮೋಟಾರಿನವರೆಗೂ ಹೋಗಿತ್ತು. ಬಿಚ್ಚಿದಳು, ತೊಳೆದಳು, ಮತ್ತೆ ಜೋಡಿಸಿದಳು. ಅದು ಒಮ್ಮೆ ಮುಲುಗಿ ಸುಮ್ಮನಾಯಿತು.

ಎಷ್ಟೋ ದಿನದ ಮೇಲೆ ಅಣ್ಣನ ಮಗ ಬಂದ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು, "ಸಿಟ್ಟು ಇಳೀತಾ ಅತ್ತೆ?" ಎಂದು ಕೇಳಿದ.

"ಇಳಿದಿಲ್ಲ."

ಅವನು ತಿರುಗಿ ಚಪ್ಪಲಿಗೆ ಕಾಲು ತೂರಿಸಿದ.

"ಎಲ್ಲಿಗೆ ಹೊರಟೆ? ಅಡುಗೆ ಆಗಿದೆ, ಉಂಡ್ಕೊಂಡು ಹೋಗು" ಎಂದಳು ರೈಲತ್ತೆ. "ಸಿಟ್ಟು ಇಳಿದಿಲ್ಲ, ಅದು ಬೇರೆ ವಿಷಯ."