ಮಾವನ ಗಡ್ಡಕ್ಕೆ ಕಲ್ಲು

ಅಂಗಡಿಯವನು ಮೂರು ಸಾಣೆಕಲ್ಲುಗಳನ್ನು ನೀರಲ್ಲಿ ಅದ್ದಿ ಸಾಲಾಗಿ ಇಟ್ಟ. ಒಂದು ಮರಳಿನಂತೆ ಒರಟು, ಇನ್ನೊಂದು ಸಾಧಾರಣ, ಕೊನೆಯದು ಬೆರಳಿಟ್ಟರೆ ಜಾರುವಷ್ಟು ನಯ.

"ಗಡ್ಡದ ಕತ್ತಿಗಾದ್ರೆ ಮೂರೂ ಬೇಕಾಗುತ್ತೆ," ಎಂದ.

"ಒರಟು ಒಂದೇ ಸಾಕು," ಎಂದ ಕ್ಷೌರಿಕನ ಅಳಿಯ.

"ಅದೊಂದ್ರಲ್ಲೇ ಮಸೆದ್ರೆ ಅಲಗು ಗರಗಸ ಆಗುತ್ತಣ್ಣ. ಯಾರ ಮುಖಕ್ಕೆ?"

"ನಮ್ಮ ಮಾವನ ಮುಖಕ್ಕೆ."

ಅಂಗಡಿಯವನು ತಮಾಷೆಯೆಂದು ನಕ್ಕ. ಅಳಿಯನೂ ನಕ್ಕ.

ಮಾವ ಹೆಸರುವಾಸಿ ಕ್ಷೌರಿಕ. ಅಳಿಯ ಕತ್ತಿ ಮಸೆದಾಗಲೆಲ್ಲ ಗಿರಾಕಿಗಳ ಎದುರೇ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಸೋಪು ನೀರು ಯಾವುದೂ ಇಲ್ಲದೆ ಒಣ ಕೆನ್ನೆಯ ಮೇಲೆ ಅದನ್ನು ಎಳೆಯುತ್ತಿದ್ದ. "ಅಳಿಯಂದ್ರೇ, ನೀವು ಮಾಡಿದ ಅಡುಗೆ, ನೀವೇ ರುಚಿ ನೋಡಿ!" ರಕ್ತ ಜಿನುಗಿದರೆ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಮಗಳನ್ನ ಕೊಟ್ಟೆ, ಕೈಗುಣ ಎಲ್ಲಿಂದ ತಂದು ಕೊಡ್ಲಿ?" ಎಂದು ಮಾವ ಇನ್ನಷ್ಟು ಉಪ್ಪು ಸವರುತ್ತಿದ್ದ. ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ನಾಲಿಗೆ ಬಿದ್ದುಹೋಯಿತು, ಕೈಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ. ಅಂಗಡಿ ಅಳಿಯನದಾಯಿತು, ಮಾವನ ಗಡ್ಡವೂ ಅವನದೇ ಪಾಲಿಗೆ ಬಂತು. ಮನೆಯಲ್ಲಿದ್ದ ಹಳೆಯ ಕಲ್ಲುಗಳೆಲ್ಲ ಸವೆದು ಒರಟುತನ ಕಳೆದುಕೊಂಡಿದ್ದವು. ಅವು ಈ ಕೆಲಸಕ್ಕೆ ಆಗುತ್ತಿರಲಿಲ್ಲ.

ಹೊಸ ಒರಟು ಕಲ್ಲನ್ನು ಅವನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಕತ್ತಿ ಮಸೆದ. ಜೀವಮಾನವಿಡೀ ಆ ಸದ್ದು ಕೇಳಿದ್ದ ಕಿವಿ ಅದು. ಮುದುಕನ ಕಣ್ಣುಗಳು ಅಗಲವಾದವು. ಕತ್ತಿ ಕೂದಲನ್ನು ಕತ್ತರಿಸಲಿಲ್ಲ, ಕಿತ್ತಿತು.

"ಹೇಗಿದೆ ಮಾವ, ರುಚಿ?"

ಮುದುಕನ ಗಂಟಲಲ್ಲಿ ಗೊರಗೊರ ಸದ್ದಾಯಿತು. ಅಳಿಯನಿಗೆ ಅಂದು ಊಟ ಸೊಗಸಾಗಿ ಸೇರಿತು. ಹೆಂಡತಿ ಗಾಯಗಳ ಬಗ್ಗೆ ಕೇಳಿದರೆ, "ವಯಸ್ಸಾಯ್ತಲ್ಲ, ಚರ್ಮ ತೆಳ್ಳಗಾಗಿದೆ," ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಬಿಸಿನೀರು ತಂದ ಹೆಂಡತಿ ಕತ್ತಿ ಎತ್ತಿಕೊಂಡು ಅಲಗನ್ನು ಹೆಬ್ಬೆರಳ ಉಗುರಿಗೆ ತಾಗಿಸಿದಳು. ಎಷ್ಟಾದರೂ ಕ್ಷೌರಿಕನ ಮಗಳು.

"ಒರಟು ಕಲ್ಲಲ್ಲಿ ಮಸೆದಿದೀರಿ."

ಅವನು ಸುಳ್ಳೊಂದನ್ನು ಹುಡುಕುವಷ್ಟರಲ್ಲಿ ಅವಳು ಮಂಚ ಹತ್ತಿ, ಅಪ್ಪನ ತಲೆಯನ್ನು ತನ್ನ ಮಂಡಿಗಳ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ತಲೆ ಅಲ್ಲಾಡಿಸ್ತಾರೆ, ನಾನು ಹಿಡ್ಕೋತೀನಿ. ನೀವು ಎಳೀರಿ."

"ಏನೇ ಇದು?"

"ಕತ್ತಿ ಉಜ್ಜೋ ಚರ್ಮದ ಪಟ್ಟೀಲೇ ಅಪ್ಪ ಅಮ್ಮನಿಗೆ ಬಾರಿಸ್ತಿದ್ರು. ಅಮ್ಮ ಕೊಸರಾಡದ ಹಾಗೆ ಹಿಡ್ಕೊಳ್ಳೋ ಕೆಲಸ ನಂದು. ಹಿಡೀದಿದ್ರೆ ನಂಗೂ ಬೀಳ್ತಿತ್ತು. ಎಳೀರಿ ಅಂದ್ನಲ್ಲ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಒಗೆದ ಬಟ್ಟೆ ಮಡಚುವವಳ ಹಾಗಿದ್ದಳು. ಮುದುಕ ಅಳಿಯನನ್ನೇ ನೋಡುತ್ತಿದ್ದ. ಆ ಕಣ್ಣು ಅಂಗಲಾಚುತ್ತಿತ್ತು. ಅಳಿಯ ಕತ್ತಿಯನ್ನು ಬಟ್ಟಲಲ್ಲಿ ಹಾಕಿ ಎದ್ದುಬಿಟ್ಟ.

ಮಾರನೆಯ ದಿನ ಅವನು ನಯವಾದ ಕಲ್ಲನ್ನು ಕೊಂಡು ತಂದ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮಂಚದ ಕುಂಟುಕಾಲಿನ ಕೆಳಗೆ ತುರುಕಿದಳು.

"ಇನ್ಮೇಲೆ ಅಪ್ಪನ ಗಡ್ಡ ನಾನೇ ಮಾಡ್ತೀನಿ. ನೀವು ಅಂಗಡಿ ನೋಡ್ಕೊಳ್ಳಿ."

ಅವನು ಅಂಗಡಿಗೆ ಹೋದ. ಅಂಗಡಿಗೂ ಮನೆಗೂ ನಡುವಿನ ಪರದೆಯಾಚೆ ಒರಟು ಕಲ್ಲಿನ ಮೇಲೆ ಕತ್ತಿ ಕರಕರ ಎಂದಾಗಲೆಲ್ಲ ಗಿರಾಕಿಗಳ ಜೊತೆ ಗಟ್ಟಿಯಾಗಿ ಹರಟೆ ಹೊಡೆಯುತ್ತಿದ್ದ. ಮಾವನದು ಗಟ್ಟಿ ಜೀವ. ಬಹಳ ವರ್ಷ ಬದುಕಿದ.