ಒಂದು ಚೀಟಿ ಕಡಿಮೆ

ಒದ್ದೆಯಾದ ಉಣ್ಣೆ ಕೋಟಿನ ವಾಸನೆ, ದೊಡ್ಡ ಹಂಡೆಯಲ್ಲಿ ಕುದಿದು ಕುದಿದು ಕಪ್ಪಾದ ಕಾಫಿಯ ವಾಸನೆ. ಇವೆರಡೂ ಒಟ್ಟಿಗೆ ಮೂಗಿಗೆ ಬಂದರೆ ಆರ್ಡಿಸ್‌ಗೆ ತಾನಿನ್ನೂ ಚರ್ಚಿನ ನೆಲಮಾಳಿಗೆಯಲ್ಲಿ ಮೇಜಿನ ಕೆಳಗೆ ಕೂತ ಪುಟ್ಟ ಹುಡುಗಿ ಎನಿಸುತ್ತಿತ್ತು. ಮೇಜಿನ ಸುತ್ತ ಅಮ್ಮನೂ ಊರಿನ ಹೆಂಗಸರೂ ಕಪ್ಪುಗಳನ್ನು ಒರೆಸುತ್ತ ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಹೊಲಕ್ಕೆ ಆಲಿಕಲ್ಲು ಬಿತ್ತು, ಯಾರ ಮನೆಗೆ ಏನು ಮಾಡಿ ಕಳಿಸಬೇಕು. ಆ ಮೇಜಿನ ಕೆಳಗೆ ಕೂತರೆ ಪ್ರಪಂಚದಲ್ಲಿ ಯಾವುದೂ ಅಲುಗಾಡುವುದಿಲ್ಲ ಎಂಬ ಧೈರ್ಯ.

ಜನವರಿಯ ಆ ಭಾನುವಾರವೂ ನೆಲಮಾಳಿಗೆಯಲ್ಲಿ ಅದೇ ವಾಸನೆ ಇತ್ತು. ಹೊರಗೆ ಅಮೆರಿಕದ ನೆಬ್ರಾಸ್ಕದ ಬಯಲಿನ ಮೇಲೆ ಹಿಮ ಬೀಳುತ್ತಿತ್ತು. ಒಳಗೆ ಜನ ಎರಡು ಪಂಗಡವಾಗಿ, ಆದರೆ ಪಂಗಡವಾಗಿಲ್ಲ ಎಂಬಂತೆ ನಟಿಸುತ್ತ, ಮಡಚು ಕುರ್ಚಿಗಳಲ್ಲಿ ಕೂತಿದ್ದರು.

ದೂರದ ನಗರದಲ್ಲಿರುವ ಅವರ ಹಿರಿಯ ಮಂಡಳಿ ಮದುವೆಯ ನಿಯಮವನ್ನು ಬದಲಿಸಿತ್ತು. ಇನ್ನು ಮೇಲೆ ಇಬ್ಬರು ಗಂಡಸರಿಗೆ ಅಥವಾ ಇಬ್ಬರು ಹೆಂಗಸರಿಗೆ ಚರ್ಚಿನೊಳಗೇ ಮದುವೆ ಮಾಡಿಸಬಹುದು. ಒಪ್ಪದ ಊರಿನವರು ಮಂಡಳಿಯನ್ನು ಬಿಟ್ಟು ಹೊರಬರಬಹುದು, ಕಟ್ಟಡವನ್ನೂ ಉಳಿಸಿಕೊಳ್ಳಬಹುದು. ಆದರೆ ಅದಕ್ಕೆ ಮೂರರಲ್ಲಿ ಎರಡು ಪಾಲು ಜನ ಚೀಟಿಯಲ್ಲಿ 'ಹೌದು' ಎಂದು ಬರೆಯಬೇಕು. ಅಷ್ಟು ಬೀಳದಿದ್ದರೆ ಹೊಸ ನಿಯಮ ಬೇಡವೆನ್ನುವವರು ಕಟ್ಟಡ ಬಿಟ್ಟು ಬರಿಗೈಯಲ್ಲಿ ಹೋಗಬೇಕು.

ಹೊರಬರಬೇಕೆಂಬ ಪಂಗಡಕ್ಕೆ ಮುಂದಾಳು ಆರ್ಡಿಸ್. ಎಪ್ಪತ್ತರ ಆಚೆಗಿನ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ. ಅವಳ ಮದುವೆ ಆದದ್ದು ಆ ಚರ್ಚಿನಲ್ಲಿ. ಅವಳ ಅಪ್ಪ ಅಮ್ಮ ಮಲಗಿರುವುದು ಅದರ ಹಿಂದಿನ ಸ್ಮಶಾನದಲ್ಲಿ. ಚೀಟಿ ಹಂಚುವ ಮೊದಲು ಅವಳು ಎದ್ದು ನಿಂತು ಹೇಳಿದಳು:

"ನಂಗೆ ಯಾರ ಮೇಲೂ ದ್ವೇಷ ಇಲ್ಲ. ಯಾರ ಮನೆಯೊಳಗೂ ನಾನು ಇಣುಕಿ ನೋಡಿದೋಳಲ್ಲ. ಆದ್ರೆ ದೇವರ ಮನೆ ನಿಯಮಾನ ಎಲ್ಲೋ ಕೂತ ಸಮಿತಿ ಕೈ ಎತ್ತಿ ಬದಲಾಯಿಸೋದಾದ್ರೆ, ಮತ್ತೆ ಕೈ ಎತ್ತಿ ಇನ್ನೇನನ್ನ ಬದಲಾಯಿಸಲ್ಲ? ಇವತ್ತು ನಾವು ಸೋತ್ರೆ ನಾನು ಈ ಬಾಗಿಲೊಳಗೆ ಮತ್ತೆ ಕಾಲಿಡಲ್ಲ. ಹೇಳಿದ್ದೀನಿ."

ಎದುರು ಸಾಲಿನಲ್ಲಿ ಲವಾನ್ ತಲೆ ತಗ್ಗಿಸಿದಳು. ಚಿಕ್ಕಂದಿನಿಂದ ಆರ್ಡಿಸ್‌ಳ ಗೆಳತಿ, ಪಕ್ಕದ ಹೊಲದವಳು. ಅವಳ ಚೀಟಿ 'ಇಲ್ಲ' ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಅದನ್ನು ಮುಚ್ಚಿಟ್ಟಿರಲಿಲ್ಲ.

ಆರ್ಡಿಸ್‌ಗೆ ಭಯವಿರಲಿಲ್ಲ. ಯಾರು ಈ ಕಡೆ, ಯಾರು ಆ ಕಡೆ ಎಂದು ತಿಂಗಳುಗಟ್ಟಲೆ ಮನೆಮನೆ ತಿರುಗಿ ತಿಳಿದುಕೊಂಡಿದ್ದಳು. ವೃದ್ಧಾಶ್ರಮದಲ್ಲಿದ್ದವರನ್ನೂ ಕಾರಿನಲ್ಲಿ ಕರೆತಂದಿದ್ದಳು. ಸ್ವಲ್ಪದರಲ್ಲಿ, ಆದರೆ ಖಂಡಿತ ಗೆಲ್ಲುತ್ತೇವೆ ಎಂಬುದು ಅವಳ ಲೆಕ್ಕ.

ಮಂಡಳಿಯಿಂದ ಬಂದಿದ್ದ ಮನುಷ್ಯ ಚೀಟಿಗಳನ್ನು ಎಣಿಸಿದ, ಮತ್ತೊಮ್ಮೆ ಎಣಿಸಿದ. ಕನ್ನಡಕ ತೆಗೆದು ಹೇಳಿದ: 'ಹೌದು' ಎಂಬುದಕ್ಕೆ ಒಂದು ಚೀಟಿ ಕಡಿಮೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರ್ಡಿಸ್ ಎದ್ದಾಗ ಯಾರೋ ಹಿಂದಿನಿಂದ ಅವಳ ಕೋಟನ್ನು ಅಗಲಿಸಿ ಹಿಡಿದರು, ತೋಳು ತೂರಿಸಲು ಸುಲಭವಾಗಲೆಂದು. ಹೋದ ವರ್ಷ ಭುಜ ನೋವು ಬಂದಾಗಿನಿಂದ ಅವಳಿಗೆ ಕೋಟು ಹಾಕಿಕೊಳ್ಳುವುದು ಕಷ್ಟವೆಂದು ತಿಳಿದಿದ್ದವಳು ಒಬ್ಬಳೇ. ಆರ್ಡಿಸ್ ತಿರುಗಿ ನೋಡದೆ ತೋಳು ತೂರಿಸಿ ಮೆಟ್ಟಿಲು ಹತ್ತಿ ಹೋದಳು. ಲವಾನ್‌ಳ ಕೈಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿದ್ದವು.

ಮಾರನೆಯ ಬೆಳಿಗ್ಗೆ ಊರಿನ ಕೆಫೆಯ ದೊಡ್ಡ ಮೇಜಿನಲ್ಲಿ ಎಂದಿನ ಗಂಡಸರು ಸೇರಿದ್ದರು. ಆ ಮೇಜಿಗೆ ದೊರೆ ಆರ್ಡಿಸ್‌ಳ ಗಂಡ ವೆಂಡಲ್. ದೇಶದ ಯಾವ ಜಗಳವೇ ಇರಲಿ, ಅವನಲ್ಲಿ ಅದಕ್ಕೊಂದು ತೀರ್ಪು ಸಿದ್ಧವಾಗಿರುತ್ತಿತ್ತು.

"ದೇಶದ ಗಡಿಗೆ ಬಾಗಿಲೇ ಇಲ್ಲ, ಆದ್ರೆ ನನ್ನ ಕೋಳಿಗೂಡಿಗೆ ಮೂರು ಪರ್ಮಿಟ್ ಬೇಕಂತೆ!" ಎಂದು ಬೇರೆ ದಿನಗಳಲ್ಲಿ ಶುರು ಮಾಡುತ್ತಿದ್ದ. "ಹುಡುಗೀರ ಓಟಕ್ಕೆ ಹುಡುಗ್ರನ್ನ ಬಿಡ್ತಾರಂತೆ. ಹಾಗಾದ್ರೆ ನನ್ನ ಮೊಮ್ಮಗಳು ಚಳೀಲಿ ಎದ್ದು ಓಡಿ ಕಾಲು ಮುರ್ಕೊಳ್ಳೋದು ಯಾತಕ್ಕೆ?"

"ಸರ್ಕಾರದೋರು ಗ್ಯಾಸ್ ಒಲೆಗಳನ್ನೂ ಕಿತ್ಕೊಳ್ತಾರಂತೆ ಕಣಯ್ಯ" ಎಂದು ಯಾರಾದರೂ ಸೇರಿಸುತ್ತಿದ್ದರು.

"ನಿನ್ನ ಹೆಂಡ್ತಿ ಅಡುಗೆ ನಾನು ತಿಂದಿದ್ದೀನಿ. ಒಲೆ ಕಿತ್ಕೊಂಡ್ರೆ ನಿಂಗೆ ಉಪಕಾರಾನೇ ಆಯ್ತು ಬಿಡು."

ಎಲ್ಲರೂ ನಗುತ್ತಿದ್ದರು. ಆದರೆ ಆ ಬೆಳಿಗ್ಗೆ ವೆಂಡಲ್ ಮಾತಾಡಲಿಲ್ಲ, ಚಮಚದಿಂದ ಕಾಫಿ ಕಲಕುತ್ತ ಕೂತಿದ್ದ. ಅವನ ಪಕ್ಕದಲ್ಲಿ ಎಲ್ಡನ್ ಇದ್ದ. ಮದುವೆಯಾಗದ ಮುದುಕ, ಊರಾಚೆಯ ರೈತ, ಮಾತು ಕಡಿಮೆ. ಬಡಿಸುವ ಹುಡುಗಿ ಕೇಳದೆಯೇ ಅವನ ಕಪ್ಪು ತುಂಬಿಸಿ, ಹಾಲಿನ ಪಾತ್ರೆಯನ್ನು ಅವನ ನಡುಗುವ ಕೈಗೆ ಎಟುಕುವಂತೆ ಸರಿಸಿಟ್ಟು ಹೋದಳು.

ಆರ್ಡಿಸ್ ಒಳಗೆ ಬಂದವಳು ಕೋಟು ಕೂಡ ತೆಗೆಯಲಿಲ್ಲ. ಮಾತು ಕೊಟ್ಟು ತಪ್ಪಿದವರು ಯಾರೆಂದು ರಾತ್ರಿಯೆಲ್ಲ ಅವಳು ಒಂದೊಂದೇ ಮುಖವನ್ನು ನೆನೆದು ಒಂದೇ ಮುಖಕ್ಕೆ ಬಂದು ನಿಂತಿದ್ದಳು. ಎಲ್ಡನ್‌ನ ತಂಗಿಯ ಮಗ ಒಮಾಹಾ ನಗರದಲ್ಲಿ ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತಿದ್ದ. ಕ್ರಿಸ್ಮಸ್‌ಗೆ ಇಬ್ಬರೂ ಬಂದಾಗ ಎಲ್ಡನ್ ಅವರನ್ನು ಇದೇ ಕೆಫೆಗೆ ಕರೆತಂದು ತಿಂಡಿ ಕೊಡಿಸಿದ್ದ. ಇಡೀ ಊರು ನೋಡಿತ್ತು.

"ಎಲ್ಡನ್, ನಮ್ಮ ಜೊತೆ ಇದ್ದೀನಿ ಅಂತ ನನ್ನ ಅಡುಗೆಮನೇಲಿ ಕೂತು ಹೇಳಿದ್ದೆ ನೀನು."

"ಹೇಳಿದ್ದೆ."

"ಯೇಸುನ ಹಿಡಿದು ಕೊಟ್ಟ ಯೂದನಿಗಾದ್ರೂ ಮೂವತ್ತು ಬೆಳ್ಳಿ ನಾಣ್ಯ ಸಿಕ್ತು. ನಿಂಗೇನು ಸಿಕ್ತಪ್ಪ? ಒಮಾಹಾದಿಂದ ಒಂದು ಕ್ರಿಸ್ಮಸ್ ಕಾರ್ಡಾ?"

ಎಲ್ಡನ್ ಅವಳನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಏನೋ ಹೇಳಲೋ ಬೇಡವೋ ಎಂದು ತೂಗುವಂತಿತ್ತು. ಆಮೇಲೆ ಟೋಪಿ ತಲೆಗಿಟ್ಟು, ಬಡಿಸುವ ಹುಡುಗಿಗೆ ತಲೆಯಾಡಿಸಿ ಹೊರಗೆ ಹೋದ. ಕಪ್ಪು ತುಂಬಿದ್ದ ಹಾಗೇ ಇತ್ತು.

"ನೋಡಿ, ಉತ್ತರ ಇದ್ರಲ್ವಾ ಕೊಡೋದು?" ಎಂದಳು ಆರ್ಡಿಸ್. ಯಾರೂ ಎದುರಾಡಲಿಲ್ಲ. ವೆಂಡಲ್ ಚಮಚ ಕಲಕುತ್ತಲೇ ಇದ್ದ.

ಆ ಮಧ್ಯಾಹ್ನ ಅವಳು ಯಂತ್ರಗಳ ಶೆಡ್ಡಿಗೆ ಹೋದಾಗ ವೆಂಡಲ್ ಟ್ರ್ಯಾಕ್ಟರಿನ ಕೆಳಗಿನಿಂದ ಎದ್ದು ಬಂದು ಎಣ್ಣೆ ಮೆತ್ತಿದ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅದು ಎಲ್ಡನ್ ಅಲ್ಲ ಕಣೆ."

"ಮತ್ಯಾರು?"

ಅವನು ಕಣ್ಣು ತಗ್ಗಿಸಿ ಎಣ್ಣೆಬಟ್ಟೆಯನ್ನು ಮಡಚತೊಡಗಿದ. ಅವಳಿಗೆ ಅಷ್ಟೇ ಸಾಕಾಯಿತು.

ಆರ್ಡಿಸ್ ಟ್ರ್ಯಾಕ್ಟರಿನ ಗಾಲಿಗೆ ಕೈ ಊರಿದಳು. "ನೀನಾ? ದಿನಾ ಬೆಳಿಗ್ಗೆ ಆ ಮೇಜು ಕುಟ್ಟಿ ಕುಟ್ಟಿ ಮಾತಾಡ್ತಿದ್ದೋನು ನೀನಾ?"

"ಆಡಿದ್ದೆಲ್ಲ ನಿಜವೇ. ಒಂದು ಮಾತೂ ಸುಳ್ಳಲ್ಲ. ಮದುವೆ ಅಂದ್ರೆ ಗಂಡು ಹೆಣ್ಣು, ಅಷ್ಟೇ. ಈಗಲೂ ಅದನ್ನೇ ಅಂತೀನಿ."

"ಮತ್ತೆ?"

"ಪೆನ್ಸಿಲ್ ಹಿಡಿದಾಗ ಎದುರಿಗೆ ಲವಾನ್ ಕೂತಿದ್ಲು. ನಿಂಗೆ ಆಪರೇಷನ್ ಆದ ಚಳಿಗಾಲ ಪೂರ್ತಿ ನಮ್ಮ ದನಕ್ಕೆ ಮೇವು ಹಾಕಿದ್ದು ಅವಳ ಗಂಡ. ನಾನು ನಿನ್ನ ಜೊತೆ ಆಸ್ಪತ್ರೇಲಿದ್ದೆ. ನಾವು ಗೆದ್ರೆ ಕಟ್ಟಡ ನಮ್ಗೆ, ಅವರು ಹೊರಗೆ ಹೋಗ್ಬೇಕು. ಅವರನ್ನ ಆಚೆ ಹಾಕೋಕೆ ನಂಗೆ ಕೈ ಬರಲಿಲ್ಲ, ಆರ್ಡಿಸ್."

"ಅವರು ಆಚೆ ಬೀಳಬಾರ್ದು ಅಂತ ನನ್ನ ಆಚೆ ಹಾಕ್ದೆ."

"ನೀನು ಬಿಟ್ಟು ಹೋಗಲ್ಲ ಅಂದ್ಕೊಂಡೆ. ಬಾಯಿ ಮಾತು ಅಂದ್ಕೊಂಡೆ."

"ನನ್ನ ಮಾತನ್ನೂ ನಿನ್ನ ಕೆಫೆ ಮಾತಿನ ಹಾಗೇ ಅಂದ್ಕೊಂಡ್ಯಾ?"

ಅವಳೇ ಮತ್ತೆ ಕೇಳಿದಳು: "ಬೆಳಿಗ್ಗೆ ಎಲ್ಡನ್‌ಗೆ ನಾನು ಹಾಗಂದಾಗ ಪಕ್ಕದಲ್ಲೇ ಕೂತಿದ್ಯಲ್ಲ. ಯಾಕೆ ಬಾಯಿ ಬಿಡಲಿಲ್ಲ?"

"ನಾಲಿಗೆ ಏಳಲಿಲ್ಲ" ಎಂದ ವೆಂಡಲ್.

ಐವತ್ತು ವರ್ಷಗಳಿಂದ ಆ ನಾಲಿಗೆ ಏಳದ ದಿನವೊಂದನ್ನು ಆರ್ಡಿಸ್ ಕಂಡಿರಲಿಲ್ಲ. ಅವಳು ಮನೆಗೆ ನಡೆದಳು. ಮೋಸ ಹೋದೆನೆಂಬ ಸಿಟ್ಟಿಗಿಂತ ಅವಳನ್ನು ಹೆಚ್ಚು ಸುಟ್ಟದ್ದು ಇನ್ನೊಂದು ಯೋಚನೆ. ಅವನ ಅಭಿಪ್ರಾಯಗಳೆಲ್ಲ ಅವಳವೇ ಆಗಿದ್ದವು. ಒಂದೇ ಮಾತನ್ನು ಇಬ್ಬರೂ ಆಡಿಕೊಂಡು ಬದುಕಿದ್ದರು. ಆ ಮಾತಿನ ಭಾರ ಹೊರಬೇಕಾದ ದಿನ ಬಂದಾಗ ಹೊರಲು ತಾನೊಬ್ಬಳೇ ಉಳಿದಿದ್ದಳು.

ಮುಂದಿನ ಭಾನುವಾರ ಗಂಡ ಹೆಂಡತಿ ಎರಡು ಗಾಡಿಗಳಲ್ಲಿ ಹೊರಟರು. ಅವನು ಬೆಳಿಗ್ಗೆಯೇ ಎದ್ದು ಅವಳ ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆದು, ಎಂಜಿನ್ ಬಿಸಿ ಮಾಡಿಟ್ಟಿದ್ದ. ಅವಳು ಹತ್ತಿದಳು. ರಸ್ತೆಗಳು ಕೂಡುವ ಜಾಗದಲ್ಲಿ ಅವನು ಚರ್ಚಿನ ಕಡೆ ತಿರುಗಿದ, ಅವಳು ಇನ್ನೊಂದು ಕಡೆ.

ಹೊರಬಂದವರು ಮಾಜಿ ಸೈನಿಕರ ಹಾಲ್ ಬಾಡಿಗೆಗೆ ಹಿಡಿದಿದ್ದರು. ಗೋಡೆಯ ಮೇಲಿನ ಬಿಯರ್ ಜಾಹೀರಾತಿನ ದೀಪಕ್ಕೆ ಯಾರೋ ಹಾಸಿಗೆಯ ಹೊದಿಕೆ ಮುಚ್ಚಿದ್ದರು. ಅದರ ಅಂಚಿನಿಂದ ಕೆಂಪು ಬೆಳಕು ಇಣುಕುತ್ತಿತ್ತು. ಪಿಯಾನೋ ಇರಲಿಲ್ಲ, ಹಾಡು ಯಾವ ಸ್ಥಾಯಿಯಲ್ಲಿ ಶುರುವಾಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಆದರೂ ಅವರ ಮುಖಗಳಲ್ಲಿ ತಪ್ಪು ಮಾಡಿದ ಭಾವ ಇರಲಿಲ್ಲ. ಆರ್ಡಿಸ್‌ಗೂ ಇರಲಿಲ್ಲ. ತಾನು ನಂಬಿದ್ದು ಮೊನ್ನೆ ಹೇಗೆ ಸರಿಯಾಗಿತ್ತೋ ಇವತ್ತೂ ಹಾಗೇ ಸರಿ ಎಂದೇ ಅವಳಿಗೆ ಅನಿಸಿತು. ಅವಳು ಕುರ್ಚಿಗಳ ಸಾಲಿನಲ್ಲಿ ಕಣ್ಣು ಹಾಯಿಸಿದಳು. ಎಲ್ಡನ್ ಇರಲಿಲ್ಲ.

"ಆ ಕಡೆ ಚರ್ಚಿಗೂ ಹೋಗಿಲ್ಲವಂತೆ" ಎಂದಳು ಪಕ್ಕದವಳು ಪಿಸುಮಾತಿನಲ್ಲಿ. "ಎಲ್ಲಿಗೆ ಅಂತ ಹೋಗ್ತಾನೆ ಪಾಪ? ಇಲ್ಲಿಯೋರಿಗೆ ಯೂದ, ಅಲ್ಲಿಯೋರಿಗೆ ನಮ್ಮ ಕಡೆಯ ವೈರಿ. ಕೆಫೆಗೂ ಬರ್ತಿಲ್ಲ."

ಬೈಬಲ್ ಪ್ರವಚನದ ನಡುವೆಯೇ ಆರ್ಡಿಸ್ ಎದ್ದು ಹೊರಟಳು.

ಎಲ್ಡನ್‌ನ ಮನೆಯ ದಾರಿಯಲ್ಲಿ ಅವಳದು ಬಿಟ್ಟರೆ ಬೇರೆ ಗಾಲಿಯ ಗುರುತಿರಲಿಲ್ಲ. ಅವನು ಬಾಗಿಲು ತೆರೆದು, ಆಶ್ಚರ್ಯ ತೋರಿಸದೆ ಪಕ್ಕಕ್ಕೆ ಸರಿದ. ಒಲೆಯ ಮೇಲೆ ಬಾಣಲೆಯಲ್ಲಿ ಆಲೂಗಡ್ಡೆ ಈರುಳ್ಳಿ ಹುರಿಯುತ್ತಿತ್ತು. ಒಬ್ಬನ ಅಡುಗೆ.

"ಕೂತ್ಕೋ" ಎಂದು ಇರುವ ಒಂದೇ ಗಟ್ಟಿ ಕುರ್ಚಿಯ ಮೇಲಿನ ಪತ್ರಿಕೆಗಳನ್ನು ಎತ್ತಿ ನೆಲಕ್ಕಿಟ್ಟ.

"ಕೂರೋಕೆ ಬಂದಿಲ್ಲ ಎಲ್ಡನ್. ಅದು ನೀನಲ್ಲ ಅಂತ ಗೊತ್ತಾಯ್ತು. ಅದು ವೆಂಡಲ್."

"ಗೊತ್ತು."

"ಗೊತ್ತಾ?"

"ಚೀಟಿ ಬರೆಯೋವಾಗ ಪಕ್ಕದಲ್ಲೇ ಕೂತಿದ್ದೆ. ದಪ್ಪ ಅಕ್ಷರದಲ್ಲಿ ಬರೀತಾನೆ ಅವನು. ನೋಡಬಾರ್ದಿತ್ತು. ಕಣ್ಣು ಬಿತ್ತು."

"ಮತ್ತೆ ಕೆಫೇಲಿ ಯಾಕೆ ಹೇಳಲಿಲ್ಲ? ಅಷ್ಟು ಜನರ ಎದುರು ನಾನು ನಿನ್ನ..."

"ಗುಟ್ಟಿನ ಚೀಟಿ ಅಂದ್ರೆ ಗುಟ್ಟಿನ ಚೀಟಿ. ನಮ್ಮ ಕಾಲದೋರು ನಾವು, ಅದನ್ನೂ ಬಿಟ್ರೆ ಇನ್ನೇನು ಉಳೀತು?" ಅವನು ಆಲೂಗಡ್ಡೆ ತಿರುವಿ ಹಾಕಿದ. "ನಾನು 'ಹೌದು' ಅಂತಾನೇ ಬರೆದೆ ಆರ್ಡಿಸ್. ತಂಗಿ ಮಗನಿಗೂ ಫೋನಲ್ಲಿ ಮುಚ್ಚುಮರೆ ಇಲ್ದೆ ಹೇಳ್ದೆ. ನೋಡಪ್ಪ, ನಿನ್ನ ಮದುವೆ ಚರ್ಚಲ್ಲಿ ಆಗೋದು ನಂಗೆ ಒಪ್ಪಿಗೆ ಇಲ್ಲ, ಆದ್ರೆ ಈ ಮನೆಗೆ ಬರೋದು ನಿಲ್ಲಿಸಬೇಡ ಅಂದೆ."

"ಏನಂದ?"

"ಎರಡನೇದು ಅವನ ಕಿವಿಗೆ ಬೀಳಲಿಲ್ಲ. ಫೋನ್ ಇಟ್ಬಿಟ್ಟ. ಆಮೇಲೆ ಎತ್ತಿಲ್ಲ."

ಆರ್ಡಿಸ್ ಈಗ ಕುಳಿತಳು. ತನ್ನ ಪಂಗಡದಲ್ಲಿ ನಂಬಿದ್ದಕ್ಕೆ ನಿಜವಾಗಿ ಬೆಲೆ ತೆತ್ತವನು ಈ ಮನುಷ್ಯ. ಅವನನ್ನೇ ತಾನು ಆರಿಸಿ ಕಲ್ಲು ಹೊಡೆದಿದ್ದಳು.

"ನಾಳೆ ಬೆಳಿಗ್ಗೆ ಕೆಫೇಲಿ ಎಲ್ಲರ ಎದುರು ಹೇಳ್ತೀನಿ. ಯಾರು ಅಂತ ಹೆಸರು ಹಿಡಿದು ಹೇಳ್ತೀನಿ."

"ಬೇಡ. ವೆಂಡಲ್‌ಗೆ ಆ ಮೇಜು ಬಿಟ್ರೆ ಇನ್ನೇನಿದೆ?"

"ಹಾಗಾದ್ರೆ ಮುಂದಿನ ವಾರ ಹಾಲ್‌ಗೆ ಬಾ. ನನ್ನ ಪಕ್ಕದಲ್ಲಿ ಕೂತ್ಕೋ. ಜನರಿಗೆ ತಾನಾಗೇ ಅರ್ಥ ಆಗತ್ತೆ."

"ಇಲ್ಲ, ಬರಲ್ಲ."

"ನನ್ನ ಮೇಲಿನ ಸಿಟ್ಟಿಗಾ?"

ಅವನು ನಿಜವಾಗಿ ಯೋಚಿಸಿದ. "ಸಿಟ್ಟಲ್ಲ. ನೀನು ಅದನ್ನ ಹೇಳಿದಾಗ ಒಬ್ಬನಾದ್ರೂ ಇಲ್ಲ ಅನ್ನಲಿಲ್ವಲ್ಲ. ಅರವತ್ತು ವರ್ಷ ಅವರ ಜೊತೆ ಹಾಡಿದ್ದೀನಿ. ಇನ್ನು ಆಗಲ್ಲ."

ಅವಳು ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳು ಈಗ ಕೆಫೆಯಲ್ಲಿ ಆಡಿದ್ದಕ್ಕಿಂತ ಅಗ್ಗವೆನಿಸಿದವು. ಹೊರಗೆ ದಾರಿಯ ಮೇಲೆ ಮತ್ತೆ ಹಿಮ ಬೀಳತೊಡಗಿತ್ತು. ಮನೆಯಲ್ಲಿ ವೆಂಡಲ್ ಇಷ್ಟು ಹೊತ್ತಿಗೆ ಚರ್ಚಿನಿಂದ ಬಂದಿರಬಹುದು, ಎದುರು ಖಾಲಿ ಮೇಜು ಇಟ್ಟುಕೊಂಡು ಕೂತಿರಬಹುದು. ಅಲ್ಲಿಗೆ ಹೋಗಲೂ ಅವಳಿಗೆ ಮನಸ್ಸಾಗಲಿಲ್ಲ.

ಎಲ್ಡನ್ ಬೀರುವಿನಿಂದ ಇನ್ನೊಂದು ತಟ್ಟೆ ತೆಗೆದು, ಧೂಳನ್ನು ಅಂಗಿಯ ತೋಳಿಗೆ ಒರೆಸಿದ. ಬಾಣಲೆಯಲ್ಲಿದ್ದುದನ್ನು ಎರಡು ಪಾಲು ಮಾಡಿ, ಉಳಿದಿದ್ದ ಒಂದೇ ಮೊಟ್ಟೆಯನ್ನು ಒಡೆದು ಬೇಯಿಸಿ ಒಂದು ಪಾಲಿನ ಮೇಲೆ ಹಾಕಿದ. ಮೊಟ್ಟೆಯಿದ್ದ ತಟ್ಟೆಯನ್ನು, ನಡುಗುವ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟು, ಅವಳ ಕೈಗಿತ್ತ.